ಎರಡೇ ಸೀಟಿನ ಪುಷ್ಪಕ

ಬಲ ರೆಕ್ಕೆಯ ಮೇಲೆ, ನಡುಭಾಗದಲ್ಲಿ, ತಗಡು ಜೋಡಿಸುವ ಮೊಳೆಯಂಥ ಒಂದು ರಿವೆಟ್‌ನ ಪಕ್ಕದಲ್ಲಿ ಉಗುರು ಒತ್ತಿದಷ್ಟು ದೊಡ್ಡದೊಂದು ತಗ್ಗಿದೆ. ಅರ್ಧಚಂದ್ರಾಕಾರ. ವಿಮಾನ ಕಟ್ಟುವವರು ಇದಕ್ಕೆ ಸ್ಮೈಲಿ ಅನ್ನುತ್ತಾರೆ. ರಿವೆಟ್ ಗನ್ ಒಂಚೂರು ಜಾರಿದರೂ ಸಾಕು, ಅದರ ಅಂಚು ತಗಡಿನ ಮೇಲೆ ನಕ್ಕು ಹೋಗುತ್ತದೆ. 2017ರ ಚಳಿಗಾಲದ ಒಂದು ರಾತ್ರಿ ಆದದ್ದು. ಗನ್ ನನ್ನ ಕೈಯಲ್ಲಿತ್ತು. ರೆಕ್ಕೆಯೊಳಗೆ ತೋಳು ತೂರಿಸಿ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿ ಒತ್ತಿ ಹಿಡಿದಿದ್ದವಳು ನನ್ನ ಹೆಂಡತಿ. “ನೀನು ಬಾರ್ ಅಲ್ಲಾಡಿಸಿದೆ” ಅಂದೆ. ಅವಳು ಕಿವಿಗೆ ಹಾಕಿದ್ದ ಮಫ್ ತೆಗೆದು “ಏನಂದ್ರಿ?” ಅಂದಳು. ಇನ್ನೊಂದು ಸಲ ಹೇಳುವ ಧೈರ್ಯ ಬರಲಿಲ್ಲ.

ನಾವಿರುವುದು ಅಮೆರಿಕದ ಒಹಾಯೊದಲ್ಲಿ, ಡೇಟನ್ ಊರಿಂದ ಮುಕ್ಕಾಲು ಗಂಟೆ ದೂರ. ಎರಡು ಕಾರು ಹಿಡಿಸುವ ಗ್ಯಾರೇಜು. 2014ರಿಂದ ಎಂಟು ವರ್ಷ ಅದರೊಳಗೆ ಒಂದು ಕಾರೂ ನಿಲ್ಲಲಿಲ್ಲ. ಜನವರಿಯ ಬೆಳಗ್ಗೆ ಕಾರಿನ ಗಾಜಿಗೆ ಹತ್ತಿದ ಮಂಜುಗಡ್ಡೆ ಕೆರೆಯುತ್ತಾ ಇವಳು ಗ್ಯಾರೇಜಿನ ಬಾಗಿಲ ಕಡೆ ನೋಡುತ್ತಿದ್ದ ನೋಟವನ್ನು ನಾನು ಅಡುಗೆಮನೆಯ ಕಿಟಕಿಯಿಂದ ಕದ್ದು ಕಂಡಿದ್ದೇನೆ.

ಕಟ್ಟಿದ್ದು ಆರ್‌ವಿ-9ಎ. ಆರೆಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್‌ನವರ ಕಿಟ್. ಅಲ್ಯೂಮಿನಿಯಂ ಮೈ, ಕೆಳರೆಕ್ಕೆ, ಪಕ್ಕಪಕ್ಕದಲ್ಲಿ ಎರಡು ಸೀಟು, ಮೂಗಿನಡಿ ಒಂದು ಚಕ್ರ. ಮೇಲೆ ಗಂಟೆಗೆ ಹತ್ತಿರ ಹತ್ತಿರ 300 ಕಿ.ಮೀ. ಹೋಗುವಂಥದ್ದು, ಇಳಿಯುವಾಗ 80ರ ಆಸುಪಾಸಿಗೆ ಬಂದರೂ ರೆಕ್ಕೆ ಕೈಬಿಡುವುದಿಲ್ಲ. ನಾನು ಇದನ್ನು ಆರಿಸಿಕೊಂಡದ್ದು ಆ ಎರಡನೇ ಅಂಕಿ ನೋಡಿ. ವೇಗದ ಹುಚ್ಚು ನನಗೆ ಇರಲಿಲ್ಲ. ಇತ್ತೆಂದು ಇವಳು ಹೇಳುತ್ತಾಳೆ.

ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನಿಂದ ಒಬ್ಬರು ಗಾಳಿಯ ಒತ್ತಡದ ಗನ್ ಹಿಡಿದು ರಿವೆಟ್‌ನ ತಲೆಯ ಮೇಲೆ ಹೊಡೆಯಬೇಕು. ಒಳಗಿನಿಂದ ಇನ್ನೊಬ್ಬರು ಅಂಗೈಯಲ್ಲಿ ಹಿಡಿಸುವ ಉಕ್ಕಿನ ಗಟ್ಟಿಯನ್ನು ಅದರ ಬಾಲಕ್ಕೆ ಒತ್ತಿ ಕೂರಬೇಕು. ಏಟು ಬೀಳುವುದು ಇತ್ತ, ಚಪ್ಪಟೆಯಾಗುವುದು ಅತ್ತ. ಚಪ್ಪಟೆಯಾದ ಬಾಲ ರಿವೆಟ್‌ನ ದಪ್ಪದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಬಂದರೆ ಸರಿ. ಹೊಡೆಯುವವನಿಗೆ ಅದು ಕಾಣುವುದಿಲ್ಲ, ಒಳಗಿನ ಕೈಗೇ ಗೊತ್ತು. ಶಬ್ದದಲ್ಲಿ ಮಾತು ಕೇಳಿಸುವುದಿಲ್ಲವೆಂದು ಇವಳು ಬಾರ್‌ನಿಂದ ಒಂದು ಸಲ ಕುಟ್ಟಿದರೆ ಸರಿಯಾಯಿತು, ಎರಡು ಸಲ ಕುಟ್ಟಿದರೆ ಇನ್ನೊಂದೇಟು ಬೇಕು, ಮೂರು ಸಲ ಕುಟ್ಟಿದರೆ ಸಾಕು ಊಟಕ್ಕೆ ಏಳಿ ಎಂದು ನಮ್ಮಲ್ಲೇ ಒಂದು ಒಪ್ಪಂದ. ಇಡೀ ವಿಮಾನದಲ್ಲಿ ಹತ್ತು ಸಾವಿರಕ್ಕೂ ಮೀರಿ ರಿವೆಟ್‌ಗಳಿವೆ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ನಾವು ಆ ಕುಟ್ಟಿನಲ್ಲಿ ಆಡಿದೆವು.

ಕೆಟ್ಟ ರಿವೆಟ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ನಲವತ್ತನೇ ನಂಬರಿನ ಡ್ರಿಲ್ ಬಿಟ್ ಹಿಡಿದು ತಲೆಯ ನಟ್ಟನಡುವೆ, ತಲೆಯ ದಪ್ಪದಷ್ಟೇ ಆಳ ಕೊರೆಯಬೇಕು. ತೂತಿಗೆ ಪಂಚ್ ಇಟ್ಟು ಓರೆಯಾಗಿ ಮೀಟಿದರೆ ತಲೆ ಟಕ್ಕನೆ ಮುರಿದು ಬರುತ್ತದೆ. ಆಮೇಲೆ ಬಾಲವನ್ನು ಮೆಲ್ಲಗೆ ತಟ್ಟಿ ಅತ್ತ ಬೀಳಿಸುವುದು. ತೂತು ಕೆಡಲಿಲ್ಲವಾದರೆ ಏನೂ ಆಗಲಿಲ್ಲವೆಂಬಂತೆ ಹೊಸದನ್ನು ಹಾಕಬಹುದು. ಮೊದಲ ವರ್ಷ ನಾನು ಹಾಕಿದ್ದಕ್ಕಿಂತ ತೆಗೆದದ್ದೇ ಜಾಸ್ತಿಯೇನೋ. ಲೋಹದ ಕೆಲಸದಲ್ಲಿ ನನಗೆ ಹಿಡಿಸಿದ್ದು ಇದೇ. ರಾತ್ರಿ ಕೆಡಿಸಿಟ್ಟದ್ದು ಬೆಳಗ್ಗೆ ಹಾಗೆಯೇ ಕಾದು ಕೂತಿರುತ್ತದೆ. ಅವಸರವಿಲ್ಲ.

ಈ ಚಪಲ ಹತ್ತಿದ್ದು ಜಕ್ಕೂರಿನ ಬೇಲಿಯ ಪಕ್ಕ. ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ಭಾನುವಾರಗಳಂದು ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ಬಳ್ಳಾರಿ ರಸ್ತೆಯುದ್ದಕ್ಕೂ ತುಳಿದು, ಫ್ಲೈಯಿಂಗ್ ಸ್ಕೂಲಿನ ವಿಮಾನಗಳು ಏರಿ ಇಳಿಯುವುದನ್ನು ತೋರಿಸುತ್ತಿದ್ದರು. ಪುಷ್ಪಕ ಎಂಬ ಪುಟ್ಟ ವಿಮಾನದ ವಿಷಯ ಅವರಿಗೆ ಹೇಳಿ ಮುಗಿಯುತ್ತಿರಲಿಲ್ಲ. ಎಚ್‌ಎಎಲ್‌ನವರೇ ಮಾಡಿದ್ದು, 1958ರಲ್ಲಿ ಮೊದಲು ಹಾರಿದ್ದು, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲೆಲ್ಲ ಎಷ್ಟೋ ಜನ ಹಾರಲು ಕಲಿತದ್ದೇ ಅದರಲ್ಲಿ. ಮೈಗೆ ತಗಡಿಲ್ಲ, ಬಟ್ಟೆ. “ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದ್ರೂ ಇನ್ನೊಬ್ಬರಿಗೆ ಜಾಗ ಇರ್ತಿತ್ತಂತೆ ಕಣೋ, ನಮ್ಮ ಪುಷ್ಪಕದಲ್ಲಿ ಇಬ್ಬರು ಕೂತ್ರೆ ಮೂರನೆಯವನ ಟಿಫಿನ್ ಕ್ಯಾರಿಯರ್‌ಗೂ ಜಾಗ ಇಲ್ಲ” ಎಂದು ಪ್ರತಿ ಭಾನುವಾರ ಹೇಳಿ ಪ್ರತಿ ಭಾನುವಾರ ನಗುತ್ತಿದ್ದರು. ಅವರು ಯಾವತ್ತೂ ಅದರಲ್ಲಿ ಕೂತವರಲ್ಲ.

ನಾನು ಲೈಸೆನ್ಸ್ ತೆಗೆದುಕೊಂಡದ್ದು ಇಲ್ಲಿಗೆ ಬಂದಮೇಲೆ, 1999ರಲ್ಲಿ, ಬಾಡಿಗೆಯ ಸೆಸ್ನಾ ವಿಮಾನದಲ್ಲಿ. ಹತ್ತು ವರ್ಷ ಆಗೊಮ್ಮೆ ಈಗೊಮ್ಮೆ ಹಾರಿದೆ. ಮಕ್ಕಳ ಈಜು, ಪಿಯಾನೊ, ಸಾಲ. 2009ರ ಒಂದು ಸಂಜೆ ವಿಮಾನ ಕಟ್ಟಿಹಾಕಿ ಬೀಗದ ಕೈ ಕೊಟ್ಟು ಬಂದವನು ಮತ್ತೆ ಹೋಗಲಿಲ್ಲ. ಬಿಡಬೇಕೆಂದು ಬಿಟ್ಟದ್ದಲ್ಲ. ಮುಂದಿನ ವಾರ ಹೋದರಾಯಿತು ಅಂದುಕೊಂಡೇ ಬಿಟ್ಟುಹೋಯಿತು.

ಐದು ವರ್ಷದ ನಂತರ ಬಾಲದ ಕಿಟ್ ತರಿಸಿದಾಗ ಎಲ್ಲರಿಗೂ ಹೇಳಿದ್ದು ‘ಮತ್ತೆ ಹಾರೋಕೆ’ ಎಂದು. ಆದರೆ ಕಟ್ಟಲು ಕೂತವನಿಗೆ ಹಾರಲು ಪುರುಸೊತ್ತಿರುವುದಿಲ್ಲ, ದುಡ್ಡಂತೂ ಇರುವುದೇ ಇಲ್ಲ. ಒಂದು ಒಳ್ಳೆಯ ಕಾರಿನ ಬೆಲೆಗೆ ಶುರುಮಾಡಿ ಮೂರು ಕಾರಿನ ಬೆಲೆಗೆ ಮುಗಿಸುವ ಬಾಬತ್ತು ಇದು. ಶನಿವಾರ ಆಕಾಶ ತಿಳಿಯಾಗಿದ್ದರೆ ಪೇಂಟ್ ಬೇಗ ಒಣಗುತ್ತದೆ ಅನ್ನಿಸುತ್ತಿತ್ತೇ ಹೊರತು ಹಾರಬಹುದಿತ್ತು ಅನ್ನಿಸುತ್ತಿರಲಿಲ್ಲ. ಮೇಲ್ಮುಚ್ಚಳದ ಅಕ್ರಿಲಿಕ್ ಚಳಿಯಲ್ಲಿ ಕತ್ತರಿಸಿದರೆ ಸೀಳಿಬಿಡುತ್ತದೆಂದು ಜುಲೈವರೆಗೆ ಕಾದು, ಬಾಗಿಲು ಮುಚ್ಚಿ, ಬೆವರು ಸುರಿಸುತ್ತಾ ಕೊಯ್ದೆವು. ಆ ದಿನ ಎಷ್ಟು ಚೆನ್ನಾಗಿತ್ತೆಂದು ಹೊರಗೆ ಬಂದಮೇಲೆ ಗೊತ್ತಾಯಿತು.

2022ರ ಆಗಸ್ಟ್‌ನಲ್ಲಿ ರೆಕ್ಕೆಗಳು ಟ್ರೇಲರ್ ಮೇಲೆ, ಮೈ ಒಂದು ಫ್ಲಾಟ್‌ಬೆಡ್ ಟ್ರಕ್ಕಿನ ಮೇಲೆ, ಊರಾಚೆಯ ಸಣ್ಣ ಏರ್‌ಪೋರ್ಟಿನ ಹ್ಯಾಂಗರಿಗೆ ಹೋದವು. ಪಕ್ಕದ ಹ್ಯಾಂಗರಿನಲ್ಲಿ ಎಪ್ಪತ್ತೆಂಟು ವರ್ಷದ ಒಬ್ಬ ಹಿರಿಯರಿದ್ದಾರೆ. ಇಎಎ ಅಂತ ಇಲ್ಲೊಂದು ಸಂಘ, ಮನೆಯಲ್ಲಿ ವಿಮಾನ ಕಟ್ಟುವವರದ್ದು, 1953ರಲ್ಲಿ ಹುಟ್ಟಿದ್ದು. ಬೇರೆಯವರು ಕಟ್ಟುತ್ತಿರುವುದನ್ನು ಬಿಟ್ಟಿಯಾಗಿ ನೋಡಿ ತಪ್ಪು ಹೇಳುವ ಸಲಹೆಗಾರರನ್ನು ಅದು ಊರೂರಲ್ಲಿ ಇಟ್ಟಿದೆ. ಇವರು ಅಂಥವರಲ್ಲೊಬ್ಬರು. ಟಾರ್ಚು, ದಂತವೈದ್ಯರ ಹತ್ತಿರ ಇರುವಂಥ ಪುಟ್ಟ ಕನ್ನಡಿ ಹಿಡಿದು ಮೂರು ಗಂಟೆ ವಿಮಾನದ ಸುತ್ತ ತೆವಳಿದರು. ಎರಡು ಕಡೆ ವೈರು ಉಜ್ಜುತ್ತಿದೆ ಅಂದರು, ಒಂದು ನಟ್ಟಿನ ಮೇಲೆ ಬಿಗಿ ಮಾಡಿಯಾಯಿತೆಂದು ಹಾಕುವ ಟಾರ್ಕ್ ಗುರುತಿಲ್ಲ ಅಂದರು. ಕೊನೆಗೆ ಕನ್ನಡಿ ಜೇಬಿಗಿಟ್ಟುಕೊಂಡು, “ನೀವು ಕೊನೇ ಸಲ ಲ್ಯಾಂಡ್ ಮಾಡಿದ್ದು ಯಾವಾಗ?” ಎಂದು ಕೇಳಿದರು.

ನಾನು ಬೆರಳು ಮಡಚಿ ಎಣಿಸಬೇಕಾಯಿತು. ಹದಿಮೂರು ವರ್ಷ.

ಈ ದೇಶದಲ್ಲಿ ಪೈಲಟ್ ಲೈಸೆನ್ಸ್‌ಗೆ ಅವಧಿ ಮುಗಿಯುವುದೆಂಬುದಿಲ್ಲ. ಎರಡು ವರ್ಷಕ್ಕೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ ಮಾಡಿ ಸಹಿ ಹಾಕಿಸಿಕೊಂಡರೆ ಕಾನೂನಿಗೆ ಸಾಕು. ಬಿಪಿ ಮಾತ್ರೆ ನುಂಗುವ ನನ್ನಂಥವರಿಗೆ ದೊಡ್ಡ ಹೆದರಿಕೆ ಇದ್ದದ್ದು ವೈದ್ಯಕೀಯ ಪರೀಕ್ಷೆಯದ್ದು. ಅದೂ 2017ರಲ್ಲಿ ಬಂದ ಬೇಸಿಕ್‌ಮೆಡ್ ಎಂಬ ನಿಯಮದಿಂದ ಸಲೀಸಾಗಿತ್ತು. 2006ರ ಜುಲೈ ನಡುವಿನ ಆಚೆಗೆ ಒಮ್ಮೆಯಾದರೂ ಹಳೇ ಪದ್ಧತಿಯ ಮೆಡಿಕಲ್ ಪಾಸಾಗಿದ್ದವರು ಮನೆಯ ಡಾಕ್ಟರ ಹತ್ತಿರವೇ ಫಾರಂ ತುಂಬಿಸಿಕೊಳ್ಳಬಹುದು. ಅಂತೂ ಕಾಗದದ ಮೇಲೆ ನಾನು ಎರಡು ವಾರದಲ್ಲಿ ಪೈಲಟ್ ಆಗಿಬಿಡಬಹುದಿತ್ತು. ನನಗೆ ಹಿಡಿದದ್ದು ಹನ್ನೊಂದು ಗಂಟೆಯ ಹಾರಾಟ, ಐದು ತಿಂಗಳು.

ಇನ್‌ಸ್ಟ್ರಕ್ಟರ್ ಇಪ್ಪತ್ನಾಲ್ಕು ವರ್ಷದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಮೊದಲ ದಿನ ಸೆಸ್ನಾ 172ರಲ್ಲಿ ಕೂತು ಮಡಿಲಲ್ಲಿ ಕಾಗದದ ನಕ್ಷೆ ಬಿಡಿಸಿದೆ. ಅವಳು ಅದನ್ನು ಅಜ್ಜಿಯ ಮನೆಯ ರೇಡಿಯೋ ನೋಡುವಂತೆ ಪ್ರೀತಿಯಿಂದ ನೋಡಿದಳು. ನಾನಿಲ್ಲದ ಕಾಲದಲ್ಲಿ ಎಲ್ಲವೂ ಟ್ಯಾಬ್ಲೆಟ್‌ಗೆ ಬಂದಿತ್ತು. 2020ರ ಜನವರಿಯಿಂದ ದೊಡ್ಡ ಏರ್‌ಪೋರ್ಟುಗಳ ಸುತ್ತಲಿನ ಆಕಾಶದಲ್ಲಿ ಎಡಿಎಸ್-ಬಿ ಕಡ್ಡಾಯವಾಗಿತ್ತು. ಪ್ರತಿ ವಿಮಾನವೂ ತಾನೆಲ್ಲಿದ್ದೇನೆಂದು ತಾನೇ ಸಾರುತ್ತಾ ಹೋಗುತ್ತದೆ, ಅಕ್ಕಪಕ್ಕದವರು ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತಾರೆ. ಎಂಟು ವರ್ಷ ಇಂಥ ಪೆಟ್ಟಿಗೆಗಳಿಗೆ ವೈರು ಎಳೆದವನು ನಾನು. ಆ ಪರದೆಗಳ ಮುಂದೆ ಕೂತರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತಿತ್ತು.

ಮೊದಲ ಲ್ಯಾಂಡಿಂಗ್ ಅನ್ನು ಲ್ಯಾಂಡಿಂಗ್ ಅನ್ನಲಾಗದು. ನೆಲ ಮುಟ್ಟಿ, ಎದ್ದು, ಮತ್ತೆ ಮುಟ್ಟಿ, ಮತ್ತೆ ಎದ್ದು, ನಮ್ಮೂರ ರಸ್ತೆಯಲ್ಲಿ ಸಾಲು ಹಂಪುಗಳ ಮೇಲೆ ಹೋದ ಲೂನಾದ ಹಾಗೆ. ಮೂರನೇ ನೆಗೆತಕ್ಕೆ ಅವಳು ಥ್ರಾಟಲ್ ಪೂರ್ತಿ ಒತ್ತಿ ಮೇಲೆಬ್ಬಿಸಿದಳು. “ನೀವು ಸ್ಪೀಡ್ ಮೀಟರ್ ನೋಡ್ತಾ ಇದ್ರಿ” ಅಂದಳು. ಹೌದು. ಇಳಿಯುವವನು ಕೊನೆಯ ಕ್ಷಣಗಳಲ್ಲಿ ರನ್‌ವೇಯ ಆಚೆ ತುದಿ ನೋಡಬೇಕು. ನೆಲ ಅಗಲವಾಗುತ್ತಾ ಕಣ್ಣಂಚಿಗೆ ಏರಿ ಬರುವ ಬಗೆಯಲ್ಲೇ ಎತ್ತರ ತಿಳಿಯುವುದು. ನಾನು ಗಂಟು ಮುಖ ಹಾಕಿಕೊಂಡು ಅಂಕಿ ಓದುತ್ತಿದ್ದೆ. ಮುಂದಿನ ವಾರ ಅವಳು ಹಳದಿ ಅಂಟುಚೀಟಿ ತಂದು ಮೀಟರುಗಳ ಮೇಲೆ ಒಂದೊಂದಾಗಿ ಅಂಟಿಸಿಬಿಟ್ಟಳು. “ಹೊರಗೆ ನೋಡಿ. ಎಂಜಿನ್ ಶಬ್ದ ಕೇಳಿ. ಸೀಟು ಏನು ಹೇಳುತ್ತೆ ನೋಡಿ.” ಐದು ತಿಂಗಳು ಅವಳು ಹೇಳಿಕೊಟ್ಟದ್ದು ಇಷ್ಟೇ. ಅದಕ್ಕೆ ಕೊಟ್ಟ ಫೀಸಿನ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ, ಸೈಕಲ್ ಇದ್ದ ಹಾಗೆ ಅನ್ನುತ್ತಾರೆ. ಸುಳ್ಳು. ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಒತ್ತುವುದನ್ನು ಕಾಲು ಮರೆತಿತ್ತು. ರೇಡಿಯೋದಲ್ಲಿ ನಮ್ಮ ಏರ್‌ಪೋರ್ಟಿನ ಹೆಸರು ಹೇಳಲು ಹೋಗಿ ಇಪ್ಪತ್ತು ವರ್ಷ ಹಿಂದೆ ಕಲಿತ ಏರ್‌ಪೋರ್ಟಿನ ಹೆಸರು ಹೇಳಿದೆ. ಎಲ್ಲೋ ಯಾರೋ ಗಾಬರಿಯಾಗಿರಬೇಕು. ಗ್ಯಾರೇಜಿನಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಲು ಪಳಗಿದ ಈ ಕಣ್ಣು, ಈ ಬೆರಳು ಇಲ್ಲಿ ಅಡ್ಡಗಾಲು. ಕೊರೆದು ತೆಗೆದು ಹೊಸದು ಹಾಕೋಣ ಎನ್ನುವಷ್ಟು ಹೊತ್ತು ಗಾಳಿಯಲ್ಲಿ ಯಾರೂ ಕೊಡುವುದಿಲ್ಲ.

ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಅಧ್ಯಯನ ಮಾಡಿತ್ತು. ಎದ್ದು ಕಂಡ ಕಾರಣಗಳು ಎರಡು: ಎಂಜಿನ್ ಕಡೆಯ ತೊಂದರೆ, ಮತ್ತು ಹಾರುವಾಗ ವಿಮಾನ ಹಿಡಿತ ತಪ್ಪುವುದು. ಅದೂ ವಿಮಾನದ ಆಯುಸ್ಸಿನ ಮೊದಮೊದಲ ಗಂಟೆಗಳಲ್ಲೇ ಹೆಚ್ಚು. ವರ್ಷಾನುಗಟ್ಟಲೆ ಹಾರದೆ ಕಟ್ಟಿದವನು, ಎಂದೂ ಹಾರದ ವಿಮಾನವನ್ನು, ಒಬ್ಬನೇ ಮೇಲೆ ಕೊಂಡೊಯ್ಯುವ ದಿನ ಅದು. ಓದಿದ ಮೇಲೆ ಪಕ್ಕದ ಹ್ಯಾಂಗರಿನವರ ಪ್ರಶ್ನೆ ಇನ್ನಷ್ಟು ಚುಚ್ಚಿತು.

ಆ ಚಳಿಗಾಲದಲ್ಲಿ ಒಂದು ಭಾನುವಾರ ಡೇಟನ್‌ನ ಹಫ್ಮನ್ ಪ್ರೇರಿಗೆ ಹೋಗಿದ್ದೆ. ಈಗ ಅದು ವಾಯುನೆಲೆಯ ಒಳಗಿರುವ ಒಂದು ಬಯಲು. ನೋಡಲು ಹುಲ್ಲು ಬಿಟ್ಟರೆ ಏನಿಲ್ಲ. 1903ರ ಡಿಸೆಂಬರ್ 17ರಂದು ಕಿಟಿ ಹಾಕ್‌ನಲ್ಲಿ ಆರ್ವಿಲ್ ರೈಟ್ ಹಾರಿದ್ದು 12 ಸೆಕೆಂಡು, 37 ಮೀಟರ್‌ನಷ್ಟು. ಅದಕ್ಕೂ ಮೂರು ದಿನ ಮೊದಲು ನಾಣ್ಯ ಚಿಮ್ಮಿ ಗೆದ್ದ ಅಣ್ಣ ವಿಲ್ಬರ್ ಮೂಗು ಜಾಸ್ತಿ ಎತ್ತಿ ದೊಪ್ಪನೆ ಬೀಳಿಸಿದ್ದ. ಯಂತ್ರದ ಭಾಗಗಳನ್ನು ಅವರು ಸೈಕಲ್ ಅಂಗಡಿಯಲ್ಲಿ ಮಾಡಿದ್ದರು, ನಿಜ. ಆದರೆ ಹಾರಲು ಕಲಿತದ್ದು ಈ ಹುಲ್ಲುಗಾವಲಲ್ಲಿ. ಟ್ರಾಮ್ ಹತ್ತಿ ಬಂದು, ದನಗಳನ್ನು ಓಡಿಸಿ, ಬಿದ್ದು, ರಿಪೇರಿ ಮಾಡಿ, ಮತ್ತೆ ಬಿದ್ದು. ವಿಲ್ಬರ್ ಇಲ್ಲಿ ಸುತ್ತು ಹಾಕುತ್ತಾ 39 ನಿಮಿಷ ಮೇಲಿದ್ದದ್ದು 1905ರ ಅಕ್ಟೋಬರ್ 5ರಂದು. ಶಾಲೆಯ ಪುಸ್ತಕದಲ್ಲಿ ಈ ಎರಡು ವರ್ಷ ಇರುವುದೇ ಇಲ್ಲ. ನನಗಂತೂ ಆ ಹುಲ್ಲಿನ ಮೇಲೆ ನಿಂತು ಭಾರಿ ಸಮಾಧಾನವಾಯಿತು.

ಇದರ ನಡುವೆ ಅಕ್ಟೋಬರಿನಲ್ಲಿ ಆಯುಧಪೂಜೆ ಬಂದಿತ್ತು. ಗ್ಯಾರೇಜಿನಲ್ಲಿದ್ದಾಗ ಪ್ರತಿ ವರ್ಷ ಗನ್ನಿಗೂ ಡ್ರಿಲ್ಲಿಗೂ ಕುಂಕುಮ ಹಚ್ಚುತ್ತಿದ್ದೆವು. ಈ ಸಲ ವಿಮಾನಕ್ಕೇ. ಬೂದುಗುಂಬಳಕಾಯಿ ಇಲ್ಲಿ ಸಿಗುವುದು ಕಷ್ಟ. ಆದರೆ ಹ್ಯಾಲೋವೀನ್ ಪುಣ್ಯದಿಂದ ಅದೇ ಹೊತ್ತಿಗೆ ಅಂಗಡಿ ಮುಂದೆಲ್ಲ ಕುಂಬಳಕಾಯಿ ರಾಶಿ, ಅದರಲ್ಲಿ ಬಿಳಿಯವೂ ಇರುತ್ತವೆ. ಮೂರು ಚಕ್ರಕ್ಕೆ ಮೂರು ನಿಂಬೆಹಣ್ಣು ಇಟ್ಟು ವಿಮಾನವನ್ನು ಒಂದಡಿ ಮುಂದೆ ತಳ್ಳಿದೆವು. ಕುಂಬಳಕಾಯಿಯನ್ನು ಮಾತ್ರ ಹ್ಯಾಂಗರಿನ ಮುಂದೆ ಒಡೆಯಲು ನಾನು ಬಿಡಲಿಲ್ಲ. ಬೀಜವೋ ಚಿಲ್ಲರೆಯೋ ಪ್ರೊಪೆಲರಿಗೆ ಸಿಕ್ಕಿದರೆ ಕಷ್ಟ. ಪಾರ್ಕಿಂಗ್ ಲಾಟಿನ ಮೂಲೆಗೆ ಒಯ್ದು ಒಡೆದು, ಪೊರಕೆ ಹಿಡಿದು ಗುಡಿಸಿ, ಕುಂಕುಮದ ನೀರನ್ನೂ ಒರೆಸಿದೆ. ದೃಷ್ಟಿ ಹೋಯಿತೋ ಗೊತ್ತಿಲ್ಲ, ಮೂಲೆ ಸ್ವಚ್ಛವಾಯಿತು.

ನವೆಂಬರಿನಲ್ಲಿ ಸರ್ಕಾರದ ಪರವಾಗಿ ಇನ್‌ಸ್ಪೆಕ್ಟರ್ ಬಂದರು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ‘ತಮ್ಮ ಶಿಕ್ಷಣ ಅಥವಾ ಮನರಂಜನೆಗಾಗಿ’ ಮಾಡಿರಬೇಕೆಂದು ಕಾನೂನು. ಎಂಟು ವರ್ಷದ ಫೋಟೋ, ದಿನಚರಿ ಎಲ್ಲ ತಿರುವಿದರು. ರೆಕ್ಕೆಯೊಳಗೆ ಕೈ ತೂರಿಸಿ ಕೂತ ಇವಳ ಫೋಟೋ ಬಂದಾಗ “ಇವರಿಗೂ ಇದು ಮನರಂಜನೆಯಾ?” ಎಂದು ಕೇಳಿದರು. ಶಿಕ್ಷಣ ಅಂದೆ. ಮೂಗಿನ ಮೇಲಿನ ಕುಂಕುಮವನ್ನು ಬೆರಳಿಂದ ಮುಟ್ಟಿ, ಎಣ್ಣೆ ಸೋರಿಕೆ ಅಲ್ಲವಲ್ಲ ಎಂದು ಮೂಸಿ ನೋಡಿ ಬಿಟ್ಟರು. ಬಾಗಿಲ ಹತ್ತಿರ ಎರಡು ಇಂಚಿನ ಅಕ್ಷರದಲ್ಲಿ ‘ಎಕ್ಸ್‌ಪೆರಿಮೆಂಟಲ್’ ಎಂದು ಬರೆದಿರುವುದನ್ನು ಅಳೆದು, ಸಹಿ ಹಾಕಿದರು.

ಮೊದಲ ಹಾರಾಟ 2023ರ ಮೇ ತಿಂಗಳಲ್ಲಿ, ಬೆಳಗ್ಗೆ ಏಳಕ್ಕೆ. ಅದಕ್ಕೂ ಮೊದಲು ಬೇರೆ ರಾಜ್ಯಕ್ಕೆ ಹೋಗಿ ಇದೇ ಜಾತಿಯ ವಿಮಾನದಲ್ಲಿ ಆರು ಗಂಟೆ ತರಬೇತಿ ಪಡೆದು ಬಂದಿದ್ದೆ. ಈ ಪರೀಕ್ಷಾ ಹಾರಾಟಗಳಿಗೆ ಅರ್ಹ ಪೈಲಟ್ ಒಬ್ಬರನ್ನು ಜೊತೆಗೆ ಕರೆದೊಯ್ಯಲು 2014ರಿಂದ ಅವಕಾಶವಿದೆ. ನಾನು ಬೇಡವೆಂದೆ. ಈಗ ಯೋಚಿಸಿದರೆ ಅದು ಬರೀ ಜಂಬ. ಅಮ್ಮನಿಗೆ ಮೈಸೂರಿಗೆ ಫೋನ್ ಮಾಡಿ ಹೇಳಿರಲಿಲ್ಲ. “ಅಷ್ಟು ದೊಡ್ಡ ಕಂಪನಿಗಳು ಮಾಡಿದ್ದೇ ಬೀಳುತ್ವೆ, ನೀನು ಕಾರ್ ಶೆಡ್ಡಲ್ಲಿ ಮಾಡಿದ್ದು ಹಾರುತ್ತೇನೋ?” ಎಂದು ಆಗಲೇ ನೂರು ಸಲ ಕೇಳಿಯಾಗಿತ್ತು.

ಒಬ್ಬನೇ ಕೂತಾಗ ಅದು ಎಷ್ಟು ಬೇಗ ನೆಲ ಬಿಟ್ಟಿತೆಂದರೆ ನಾನು ಥ್ರಾಟಲ್ ಮೇಲಿನ ಕೈಯನ್ನು ಇನ್ನೂ ಹಿಂದಕ್ಕೆ ತಂದಿರಲಿಲ್ಲ. ಹೊಸ ಎಂಜಿನ್. 160 ಅಶ್ವಶಕ್ತಿಯ ಲೈಕಮಿಂಗ್ ಒ-320. ಪಿಸ್ಟನ್ ರಿಂಗುಗಳು ಸರಿಯಾಗಿ ಕೂರಬೇಕಾದರೆ ಮೊದಲ ಗಂಟೆಗಳಲ್ಲಿ ಅದನ್ನು ಮುದ್ದಿಸಬಾರದು, ಜೋರಾಗಿಯೇ ಓಡಿಸಬೇಕು. ಹಾಗಾಗಿ ಏರ್‌ಪೋರ್ಟಿನ ನೆತ್ತಿಯ ಮೇಲೆ 3000 ಅಡಿಯಲ್ಲಿ ಗಿರಗಿರ ಸುತ್ತು. ಏನಾದರೂ ಕೈಕೊಟ್ಟರೆ ಕೆಳಗೇ ರನ್‌ವೇ ಇರುತ್ತದೆ. ನೆಲದ ಮೇಲೆ ಪಕ್ಕದ ಹ್ಯಾಂಗರಿನವರು ಕೈ ರೇಡಿಯೋ ಹಿಡಿದು ಕುರ್ಚಿ ಹಾಕಿಕೊಂಡು ಕೂತಿದ್ದರು.

ಹತ್ತನೇ ನಿಮಿಷಕ್ಕೆ ಮೂರನೇ ಸಿಲಿಂಡರಿನ ಕಾವು ಏರತೊಡಗಿತು. 410 ಡಿಗ್ರಿ ಫ್ಯಾರನ್‌ಹೀಟ್. 420. 430. ಹೊಸ ಎಂಜಿನ್ ಸ್ವಲ್ಪ ಬಿಸಿಯಾಗುವುದು ಸಹಜ, ತಯಾರಕರ ಮಿತಿ 500 ಎಂದು ಗೊತ್ತು. ಆದರೆ ಕಟ್ಟಿದವನಿಗೆ ಗೊತ್ತಿರುವುದೇ ಕೇಡು. ಆ ಸಿಲಿಂಡರಿನ ಹಿಂದಿನ ಗಾಳಿತಡೆ ತಗಡನ್ನು ನಾನು ಎರಡು ಸಲ ಕತ್ತರಿಸಿದ್ದೆ. ಎರಡನೇ ಸಲ ಜಾಸ್ತಿ ಕತ್ತರಿಸಿದೆನೇ? ಸೀಲ್ ಅಂಟಿಸಿದ ದಿನ ಮಗನ ಫೋನ್ ಬಂದಿತ್ತಲ್ಲ, ಆಮೇಲೆ ಮುಗಿಸಿದೆನೇ? ಒಂದೊಂದು ಬೋಲ್ಟೂ ಕಣ್ಣ ಮುಂದೆ ಬಂದು ನಿಂತಿತು. ಬಾಡಿಗೆ ಸೆಸ್ನಾ ಹಾರಿಸುವವನಿಗೆ ಈ ಸುಖವಿಲ್ಲ. ಅವನಿಗೆ ಎಂಜಿನ್ ಎಂದರೆ ಮುಂದೆ ಎಲ್ಲೋ ಇರುವ ಶಬ್ದ.

“ಎಲ್ಲಿಗೆ ಹೊರಟ್ರಿ?” ಎಂದು ರೇಡಿಯೋ ಕೇಳಿತು.

ತಲೆ ಎತ್ತಿ ನೋಡುತ್ತೇನೆ: 400 ಅಡಿ ಇಳಿದಿದ್ದೆ, ರೆಕ್ಕೆ ಬಲಕ್ಕೆ ವಾಲಿತ್ತು, ರನ್‌ವೇ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ. ಪರದೆ ನೋಡುತ್ತಾ ಎಷ್ಟು ಹೊತ್ತು ಕಳೆದಿದ್ದೆನೋ. ರೆಕ್ಕೆ ಮಟ್ಟ ಮಾಡಿದೆ. ಹಾರಿಜಾನ್ ನೋಡಿದೆ. ಇಂಧನ-ಗಾಳಿಯ ಮಿಕ್ಸ್‌ಚರ್ ಪೂರ್ತಿ ರಿಚ್, ಅಂದರೆ ಇಂಧನ ಹೆಚ್ಚು, ಇದೆಯೆಂದು ಕೈಯಲ್ಲೇ ಮುಟ್ಟಿ ನೋಡಿ, ಮೂಗು ಒಂಚೂರು ತಗ್ಗಿಸಿದೆ. ವೇಗ ಏರಿ ಗಾಳಿ ಹೆಚ್ಚು ನುಗ್ಗಿತು. ಅಂಕಿಯನ್ನು ನೋಡಬಾರದೆಂದು ಹಟ ಹಿಡಿದು ನೂರು ಎಣಿಸಿ, ಆಮೇಲೆ ನೋಡಿದಾಗ 415ಕ್ಕೆ ಬಂದಿತ್ತು. ಕಿಸೆಯಲ್ಲಿ ಅಂಟುಚೀಟಿ ಇದ್ದಿದ್ದರೆ ಅದರ ಮೇಲೆ ಅಂಟಿಸಿಬಿಡುತ್ತಿದ್ದೆ.

ನಲವತ್ತೆರಡು ನಿಮಿಷದ ನಂತರ ಇಳಿದೆ. ಒಂದೇ ಸಲ ಮುಟ್ಟಿತು. ಹಿರಿಯರು ಬಂದು ಕೈ ಕುಲುಕಲಿಲ್ಲ, ನೇರ ಎಂಜಿನ್ ಮುಚ್ಚಳ ಬಿಚ್ಚಲು ಕೂತರು. ಮೂರನೇ ಸಿಲಿಂಡರಿನ ಹತ್ತಿರ ರಬ್ಬರ್ ಸೀಲ್ ಒಂದು ಗೇಣು ಉದ್ದ ಹಿಂದಕ್ಕೆ ಮಡಚಿಕೊಂಡಿತ್ತು, ತಂಪು ಗಾಳಿ ಅಲ್ಲಿಂದ ತಪ್ಪಿಸಿಕೊಂಡು ಹೋಗುತ್ತಿತ್ತು. ಐದು ನಿಮಿಷದ ಕೆಲಸ.

ಅಧಿಕೃತವಾಗಿ ಒಪ್ಪಿದ ಎಂಜಿನ್-ಪ್ರೊಪೆಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲವಾದರೆ 40 ಗಂಟೆ, ಪ್ರಯಾಣಿಕರನ್ನು ಕೂರಿಸಿಕೊಳ್ಳದೆ ನಿಗದಿಯಾದ ಪ್ರದೇಶದೊಳಗೇ ಹಾರಿ ಪರೀಕ್ಷಿಸಬೇಕಿತ್ತು. ನನ್ನದು 40ರ ಜೋಡಿ. ಬೇಸಿಗೆ ಪೂರ್ತಿ ಬಲ ಸೀಟಿನಲ್ಲಿ ಮರಳಿನ ಚೀಲಗಳನ್ನು ಬೆಲ್ಟ್ ಹಾಕಿ ಕೂರಿಸಿಕೊಂಡು ಹಾರಿದೆ. ಸ್ಟಾಲ್, ಅಂದರೆ ರೆಕ್ಕೆ ಕೈಬಿಡುವುದು, ಯಾವ ವೇಗಕ್ಕೆ, ಏರುವುದು ಎಷ್ಟು, ಭಾರ ಹಿಂದಿದ್ದರೆ ಹೇಗೆ. ಇಪ್ಪತ್ತನೇ ಗಂಟೆಯ ಹೊತ್ತಿಗೆ ಒಂದು ಸಂಜೆ ಮೆಕ್ಕೆಜೋಳದ ಹೊಲಗಳ ಮೇಲೆ ಬರುತ್ತಿದ್ದಾಗ ಒಂದು ಸೂಕ್ಷ್ಮ ಗೊತ್ತಾಯಿತು: ಕಾಲು ಗಂಟೆಯಿಂದ ನನಗೆ ಒಂದು ರಿವೆಟ್ಟೂ ನೆನಪಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮರಳಿನ ಚೀಲ ಇಳಿಸಿ ಇವಳನ್ನು ಕರೆದೆ. ರೆಕ್ಕೆಯ ಮೇಲೆ ಕಾಲಿಡುವ ಮೊದಲು ಒಳಗಿನ ಎಚ್ಚರಿಕೆಯ ಪಟ್ಟಿಯನ್ನು ಔಷಧಿ ಬಾಟಲಿ ಓದುವ ಹಾಗೆ ಕನ್ನಡಕ ಏರಿಸಿ ಓದಿದಳು. ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂದು ಅದರಲ್ಲಿದೆ. “ಹವ್ಯಾಸಿ ಅಂದ್ರೆ ನೀವೊಬ್ರೇನಾ, ನಾನೂ ಸೇರಿಯಾ?” ಅಂದಳು. ಸೇರಿ ಅಂದೆ. ಹಾಗಾದರೆ ಸರಿ ಎಂದು ಹತ್ತಿ ಕೂತು ಬೆಲ್ಟ್ ಎಳೆದುಕೊಂಡಳು.

ಮೇಲೆ ಹೋಗಿ ಮಟ್ಟಸವಾದ ಮೇಲೂ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹೆದರಿದ್ದಾಳೇನೋ ಎಂದು ನಾನೂ ಸುಮ್ಮನಿದ್ದೆ. ಗಾಜಿನಾಚೆ ಬಲ ರೆಕ್ಕೆಯನ್ನೇ ನೋಡುತ್ತಿದ್ದಳು. ಆಮೇಲೆ ಹೆಡ್‌ಸೆಟ್‌ನಲ್ಲಿ ಅವಳ ದನಿ ಬಂತು.

“ಅದೋ ಅಲ್ಲಿದೆ ನೋಡಿ. ನೀವು ಗನ್ ಜಾರಿಸಿದ್ದು.”

ನಾನು ಕುತ್ತಿಗೆ ಚಾಚಿ ಅವಳ ಭುಜದ ಆಚೆ ಬಗ್ಗಿ ಹುಡುಕಿದೆ. ಬಿಸಿಲಿಗೆ ತಗಡು ಹೊಳೆಯುತ್ತಿತ್ತು, ಕಾಣಲಿಲ್ಲ.

“ಬೇಡ ಬಿಡಿ. ಮುಂದೆ ನೋಡ್ರೀ.”